ಮೂರನೇ ಡಿಸ್ಕಿಗೋಸ್ಕರ ಒಂದು ಪೆಟ್ಟಿಗೆ: ‘ಬ್ಲೇಡ್ ರನ್ನರ್’ 5 ಡಿಸ್ಕ್ ಆವೃತ್ತಿ

ಪೆಟ್ಟಿಗೆ ಬಿಚ್ಚಿದ ಕೂಡಲೇ ನಾನು ಕೈಗೆತ್ತಿಕೊಂಡಿದ್ದು ಮೂರನೇ ಡಿಸ್ಕ್. ಒಂದನೆಯದರಲ್ಲಿ ಇರುವುದು ‘ಫೈನಲ್ ಕಟ್’. ನಿರ್ದೇಶಕ ರಿಡ್ಲಿ ಸ್ಕಾಟ್ 2007ರಲ್ಲಿ ಕೊನೆಗೂ ‘ಇದೇ ನನ್ನ ಸಿನಿಮಾ’ ಎಂದು ಒಪ್ಪಿಕೊಂಡ ಆವೃತ್ತಿ. ಎಲ್ಲರೂ ಹೊಗಳುವುದು ಅದನ್ನೇ. ನನಗೆ ಬೇಕಿದ್ದದ್ದು ಎಲ್ಲರೂ ಬೈಯುವ ಆವೃತ್ತಿ. ಹ್ಯಾರಿಸನ್ ಫೋರ್ಡ್ ನಿದ್ದೆಗಣ್ಣಿನ ದನಿಯಲ್ಲಿ ಕಥೆ ಹೇಳುತ್ತಾ ಹೋಗುವ, ಕೊನೆಗೆ ಕಾರು ಬೆಟ್ಟಗುಡ್ಡಗಳ ನಡುವೆ ಓಡುವ, 1982ರಲ್ಲಿ ಥಿಯೇಟರಿಗೆ ಬಂದ ಸಿನಿಮಾ.

ನೋಡದೇ ಇದ್ದವರಿಗೆ ಎರಡು ಮಾತು. ಕಥೆ ನಡೆಯುವುದು 2019ರ ಲಾಸ್ ಏಂಜಲೀಸ್‌ನಲ್ಲಿ. ಆಗ ಅದು ದೂರದ ಭವಿಷ್ಯ. ಮನುಷ್ಯರ ಹಾಗೇ ಕಾಣುವ, ನಾಲ್ಕೇ ವರ್ಷ ಆಯಸ್ಸಿನ ರೆಪ್ಲಿಕಂಟ್‌ಗಳು ತಪ್ಪಿಸಿಕೊಂಡು ಭೂಮಿಗೆ ಬಂದಿದ್ದಾರೆ. ಅವರನ್ನು ಹುಡುಕಿ ಮುಗಿಸುವುದು ಫೋರ್ಡ್ ಮಾಡಿದ ಪಾತ್ರ ಡೆಕರ್ಡ್‌ನ ಕೆಲಸ. ಉದ್ದಕ್ಕೂ ಕತ್ತಲೆ, ಉದ್ದಕ್ಕೂ ಮಳೆ.

ನಾನೂ ಅಣ್ಣನೂ ಇದನ್ನು ನೋಡಿದ್ದು ಶಾಲೆಯ ದಿನಗಳಲ್ಲಿ, ಒಂದು ವಿಎಚ್‌ಎಸ್ ಟೇಪಿನಲ್ಲಿ. ಎಷ್ಟು ಸಲ ಓಡಿಸಿದ್ದೆವು ಅಂದರೆ ಕೊನೆಕೊನೆಗೆ ಮಳೆ ಯಾವುದು, ಟೇಪು ಸವೆದು ಬಿದ್ದ ಗೆರೆ ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು. ಚೌಕದ ಟಿವಿಗೆ ಹೊಂದಿಸಲು ಚಿತ್ರದ ಎರಡೂ ಬದಿ ಕತ್ತರಿಸಿದ್ದಾರೆ ಅನ್ನುವುದು ಆಗ ನಮಗೆ ಗೊತ್ತೇ ಇರಲಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಪಾತ್ರಗಳು ಗೊಣಗಿಕೊಳ್ಳುವುದರಲ್ಲಿ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ನಡುನಡುವೆ ಡೆಕರ್ಡ್ ನಿಧಾನವಾಗಿ, ತನಗೇ ಬೇಸರ ಬಂದವನಂತೆ, ಈಗ ಏನಾಯಿತು, ಇವರು ಯಾರು ಅಂತ ಹೇಳುತ್ತಿದ್ದ. ಆ ದನಿಯ ಸೆರಗು ಹಿಡಿದುಕೊಂಡು ನಾನು ಸಿನಿಮಾ ದಾಟುತ್ತಿದ್ದೆ.

ಮುಂದೆ ಡಿವಿಡಿ ಬಂತು. ಈ ಸಿನಿಮಾ ಡಿವಿಡಿಗೆ ಬಂದಿದ್ದು 1997ರಲ್ಲಿ. ಅದು ನನ್ನ ಕೈಗೆ ಸಿಕ್ಕಿದ್ದು ಎಷ್ಟೋ ತಡವಾಗಿ. ಆಸೆಯಿಂದ ಹಾಕಿದರೆ ದನಿಯೇ ಇಲ್ಲ. ಆಡಿಯೊ ಸೆಟ್ಟಿಂಗ್ ಏನೋ ತಪ್ಪಿದೆ ಅಂದುಕೊಂಡು ಮೆನುವಿನಲ್ಲೆಲ್ಲಾ ತಡಕಾಡಿದೆ. ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಕೊನೆಗೆ ಅಣ್ಣನಿಗೆ ಫೋನ್ ಮಾಡಿ, ‘ಅಣ್ಣಾ, ಇದರಲ್ಲಿ ಅವನು ಮಾತೇ ಆಡಲ್ಲ’ ಅಂದೆ. ಅವನು ನಕ್ಕು, ‘ಡಬ್ಬದ ಮೇಲೆ ಏನು ಬರೆದಿದೆ ನೋಡು’ ಅಂದ. ‘ಡೈರೆಕ್ಟರ್ಸ್ ಕಟ್’ ಎಂದು ಬರೆದಿತ್ತು. ಬದಲಾದದ್ದು ಸಿನಿಮಾನೇ.

ಆಮೇಲೆ ಓದಿ ತಿಳಿದುಕೊಂಡಿದ್ದು ಇಷ್ಟು. 1982ರ ಮಾರ್ಚ್‌ನಲ್ಲಿ ಡೆನ್ವರ್ ಮತ್ತು ಡಲ್ಲಾಸ್‌ನಲ್ಲಿ ಇನ್ನೂ ಪೂರ್ತಿಯಾಗದ ಒಂದು ಪ್ರತಿಯನ್ನು ಜನರಿಗೆ ತೋರಿಸಿದರು. ಅರ್ಥವಾಗಲಿಲ್ಲ, ಮನಸ್ಸಿಗೆ ಭಾರವಾಯಿತು ಅಂದರು ನೋಡಿದವರು. ದುಡ್ಡು ಹಾಕಿದವರು ಹೆದರಿ, ಡೆಕರ್ಡ್‌ನ ನಿರೂಪಣೆ ಸೇರಿಸಿದರು. ಸುಖಾಂತ್ಯವೊಂದನ್ನೂ ಅಂಟಿಸಿದರು. ಆ ಕೊನೆಯ ಬೆಟ್ಟಗಳ ದೃಶ್ಯ ಈ ಸಿನಿಮಾಕ್ಕೆಂದು ತೆಗೆದದ್ದೇ ಅಲ್ಲ. ಸ್ಟ್ಯಾನ್ಲಿ ಕುಬ್ರಿಕ್ ‘ದ ಶೈನಿಂಗ್’ಗಾಗಿ ಆಕಾಶದಿಂದ ಚಿತ್ರೀಕರಿಸಿ ಉಳಿಸಿಕೊಂಡಿದ್ದ ರೀಲುಗಳಿಂದ ತಂದದ್ದು. 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಥಿಯೇಟರಿನಲ್ಲಿ ಹಳೆಯ 70 ಎಂಎಂ ಪ್ರಿಂಟ್ ಹಾಕಿದಾಗ ಅದು ಆ ಅಪೂರ್ಣ ಪ್ರತಿಯೇ ಆಗಿತ್ತು! ನಿರೂಪಣೆ ಹೆಚ್ಚುಕಮ್ಮಿ ಇಲ್ಲದ ಆ ಸಿನಿಮಾ ಜನರಿಗೆ ಹಿಡಿಸಿಬಿಟ್ಟಿತು. ಅದರ ಬೆನ್ನಿಗೆ 1992ರಲ್ಲಿ ಡೈರೆಕ್ಟರ್ಸ್ ಕಟ್ ಬಂತು. ದನಿ ಹೋಯಿತು, ಸುಖಾಂತ್ಯ ಹೋಯಿತು, ಡೆಕರ್ಡ್‌ಗೆ ಒಂಟಿಕೊಂಬಿನ ಕುದುರೆಯ ಕನಸು ಬಂತು. ಅವಸರದಲ್ಲಿ ಮಾಡಿದ್ದು ಎಂದು ಸ್ಕಾಟ್‌ಗೆ ಅದರ ಮೇಲೂ ಪೂರ್ತಿ ಸಮಾಧಾನ ಇರಲಿಲ್ಲ. ಹಾಗಾಗಿ 2007ರ ಫೈನಲ್ ಕಟ್.

ನನ್ನ ಕೆಲಸ ವಿಡಿಯೊ ಎಡಿಟಿಂಗ್. ‘ಫೈನಲ್’ ಅನ್ನುವ ಪದದ ಮೇಲೆ ನನಗೆ ನಂಬಿಕೆ ಕಡಿಮೆ. ನನ್ನ ಹಾರ್ಡ್ ಡಿಸ್ಕಿನಲ್ಲಿ ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’, ‘ಇದೇ ಫೈನಲ್ ಸೌಂಡ್ ಸರಿ’ ಎಂಬ ಹೆಸರಿನ ಫೈಲುಗಳು ಸಾಲಾಗಿ ಕೂತಿವೆ. ಆದರೆ ಈ ಕಸುಬಿನಲ್ಲಿ ಮೊದಲ ದಿನವೇ ಹೇಳಿಕೊಡುವ ಒಂದು ಪಾಠ ಇದೆ: ಹೊಸದನ್ನು ಉಳಿಸುವಾಗ ಹಳೆಯದರ ಮೇಲೆ ಉಳಿಸಬೇಡ. ಹೆಸರು ಬದಲಿಸಿ ಪಕ್ಕದಲ್ಲಿ ಉಳಿಸು. ಈ ಪೆಟ್ಟಿಗೆ ಮಾಡಿರುವುದು ಅಷ್ಟೇ ಕೆಲಸ. ಬೇರೆಯವರು ಮಾಡದೇ ಬಿಟ್ಟಿದ್ದೂ ಅಷ್ಟೇ ಕೆಲಸ.

ಮೊದಲು ಫೈನಲ್ ಕಟ್ ಬಗ್ಗೆ ನ್ಯಾಯವಾಗಿ ಹೇಳಿಬಿಡುತ್ತೇನೆ. ಚಿತ್ರ ಅದ್ಭುತವಾಗಿದೆ. ಮೂಲ ನೆಗೆಟಿವ್ ಅನ್ನು 4ಕೆಯಲ್ಲೂ, 65 ಎಂಎಂನಲ್ಲಿ ತೆಗೆದಿದ್ದ ಸ್ಪೆಷಲ್ ಎಫೆಕ್ಟ್ ಭಾಗಗಳನ್ನು 8ಕೆಯಲ್ಲೂ ಸ್ಕ್ಯಾನ್ ಮಾಡಿದ್ದಾರೆ. ಟೇಪಿನಲ್ಲಿ ಬರೀ ಕಪ್ಪು ಮಸಿಯಾಗಿದ್ದ ಗೋಡೆಗಳ ಮೇಲೆ ಏನೇನೋ ಕೆತ್ತನೆ ಇದೆ ಅಂತ ನನಗೆ ಗೊತ್ತಾಗಿದ್ದು ಈಗ. ಹಾರುವ ಕಾರನ್ನು ಎತ್ತಿ ಹಿಡಿದಿದ್ದ ತಂತಿಗಳು ಕಾಣುತ್ತಿದ್ದವು, ಅವನ್ನು ಅಳಿಸಿದ್ದಾರೆ. ರೆಪ್ಲಿಕಂಟ್‌ಗಳಲ್ಲಿ ಒಬ್ಬಳಾದ ಜೋರಾ ಪಾತ್ರ ಗಾಜು ಒಡೆದುಕೊಂಡು ಓಡುವ ದೃಶ್ಯದಲ್ಲಿ ಓಡುತ್ತಿರುವುದು ಬೇರೆ ಹೆಂಗಸು ಅಂತ ಎಳೆ ಮಗುವಿಗೂ ಗೊತ್ತಾಗುತ್ತಿತ್ತು, ವಿಗ್ ಅಷ್ಟು ಕೆಟ್ಟದಾಗಿತ್ತು. ಆ ಪಾತ್ರ ಮಾಡಿದ ಜೊಆನಾ ಕ್ಯಾಸಿಡಿ ಅವರನ್ನೇ 25 ವರ್ಷದ ನಂತರ ಕರೆಸಿ, ಅವರ ಮುಖವನ್ನು ಹೊಸದಾಗಿ ಚಿತ್ರೀಕರಿಸಿ ಅಲ್ಲಿ ಕೂರಿಸಿದ್ದಾರೆ. ಹಾವು ಮಾರುವವನ ಹತ್ತಿರ ಡೆಕರ್ಡ್ ಮಾತಾಡುವಾಗ ತುಟಿಗೂ ಮಾತಿಗೂ ತಾಳೆ ಆಗುತ್ತಿರಲಿಲ್ಲ. ಅದಕ್ಕೆ ಹ್ಯಾರಿಸನ್ ಫೋರ್ಡ್ ಮಗ ಬೆನ್ ಅವರನ್ನು ಕೂರಿಸಿ, ಅವರ ಬಾಯಿಯನ್ನು ತಂದೆಯ ಮುಖಕ್ಕೆ ಸೇರಿಸಿದ್ದಾರೆ. ನಾನು ಈ ದೃಶ್ಯವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದೆ. ಹೊಲಿಗೆ ಎಲ್ಲೂ ಕಾಣುವುದಿಲ್ಲ. ಕೊನೆಯಲ್ಲಿ ಮಳೆ ಸುರಿಯುವ ರಾತ್ರಿಯಲ್ಲಿ ಬಿಟ್ಟ ಪಾರಿವಾಳ ಇದ್ದಕ್ಕಿದ್ದಂತೆ ತಿಳಿನೀಲಿ ಆಕಾಶಕ್ಕೆ ಹಾರುತ್ತಿತ್ತು. ಈಗ ಅದು ಕತ್ತಲೆಗೇ ಹಾರುತ್ತದೆ.

ಇವೆಲ್ಲಾ ಒಳ್ಳೆಯ ತಿದ್ದುಪಡಿ. ನಿರ್ದೇಶಕರಿಗೆ ತಿದ್ದುವ ಹಕ್ಕಿಲ್ಲ ಅನ್ನುವವಳಲ್ಲ ನಾನು. ಆದರೆ ಒಂದು ತಿದ್ದುಪಡಿ ನನ್ನನ್ನು ಯೋಚನೆಗೆ ಹಚ್ಚಿತು. ಹಳೆಯ ಆವೃತ್ತಿಯಲ್ಲಿ ಪೊಲೀಸ್ ಅಧಿಕಾರಿ ಒಂದು ಲೆಕ್ಕ ಹೇಳುತ್ತಾನೆ. ಆರು ರೆಪ್ಲಿಕಂಟ್‌ಗಳು ತಪ್ಪಿಸಿಕೊಂಡರು, ಒಬ್ಬ ಸುಟ್ಟುಹೋದ. ಹಾಗಾದರೆ ಉಳಿದವರು ಐವರು. ಸಿನಿಮಾದಲ್ಲಿ ಕಾಣುವವರು ನಾಲ್ವರು. ಇನ್ನೊಬ್ಬರು ಎಲ್ಲಿ? ಚಿತ್ರೀಕರಣದ ಹೊತ್ತಿಗೆ ಒಂದು ಪಾತ್ರವನ್ನೇ ಕೈಬಿಟ್ಟಿದ್ದರು, ಸಂಭಾಷಣೆ ಮಾತ್ರ ಹಾಗೇ ಉಳಿಯಿತು, ಅಷ್ಟೇ ವಿಷಯ. ಆದರೆ ನೋಡುಗರು ಸುಮ್ಮನೆ ಬಿಡುತ್ತಾರಾ? ಆ ಐದನೆಯವನು ಡೆಕರ್ಡೇ ಇರಬೇಕು, ಅವನೂ ರೆಪ್ಲಿಕಂಟೇ ಎಂಬ ವಾದಕ್ಕೆ ಈ ಲೆಕ್ಕವನ್ನೂ ಸಾಕ್ಷಿ ಮಾಡಿಕೊಂಡರು. ಫೈನಲ್ ಕಟ್‌ನಲ್ಲಿ ‘ಇಬ್ಬರು ಸುಟ್ಟುಹೋದರು’ ಎಂದು ಬದಲಿಸಿ ಲೆಕ್ಕ ಸರಿ ಮಾಡಿದ್ದಾರೆ. ಲೆಕ್ಕವೇನೋ ಸರಿಯಾಯಿತು. ಇನ್ನು ಮುಂದೆ ಇದೊಂದನ್ನೇ ನೋಡಿ ಬೆಳೆದವರಿಗೆ, ಅಷ್ಟು ವರ್ಷ ಜನ ಯಾವ ಲೆಕ್ಕ ಹಿಡಿದು ಜಗಳ ಆಡಿದರು ಅನ್ನುವುದೇ ತಿಳಿಯುವುದಿಲ್ಲ. ಅದಕ್ಕೇ ತಪ್ಪು ಇರುವ ಪ್ರತಿಯೂ ಬೇಕು.

ಅದು ಸಿಗುವುದು ಮೂರನೇ ಡಿಸ್ಕಿನಲ್ಲಿ. ಡಿಸ್ಕ್ ಹಾಕಿದರೆ ಮೂರು ಆಯ್ಕೆ: 1982ರ ಅಮೆರಿಕದ ಥಿಯೇಟರ್ ಆವೃತ್ತಿ, ಅದೇ ವರ್ಷ ಹೊರದೇಶಗಳಲ್ಲಿ ಓಡಿದ ಇಂಟರ್‌ನ್ಯಾಷನಲ್ ಆವೃತ್ತಿ, 1992ರ ಡೈರೆಕ್ಟರ್ಸ್ ಕಟ್. ಮೂರೂ ಸಿನಿಮಾ ಪೂರ್ತಿಪೂರ್ತಿ ಬೇರೆ ಬೇರೆ ತುಂಬಿಲ್ಲ. ಸಮಾನವಾದ ಭಾಗಗಳು ಒಂದೇ ಸಲ ಇರುತ್ತವೆ. ಬೇರೆ ಆಗುವ ಕಡೆ ಪ್ಲೇಯರ್ ನೀವು ಆರಿಸಿದ ದಾರಿ ಹಿಡಿಯುತ್ತದೆ, ರೈಲು ಹಳಿ ಬದಲಿಸಿದ ಹಾಗೆ. ನನ್ನ ಪ್ಲೇಯರಿನಲ್ಲಿ ಒಂದು ಕಡೆಯೂ ತಡವರಿಸಲಿಲ್ಲ. ಪ್ರತಿಯೊಂದಕ್ಕೂ ಮೊದಲು ಸ್ಕಾಟ್ ಸ್ವತಃ ಬಂದು ಎರಡು ಮಾತು ಹೇಳುತ್ತಾರೆ. ತಾವು ಒಪ್ಪದ ಆವೃತ್ತಿಗೂ ತಾವೇ ಪರಿಚಯ ಹೇಳುತ್ತಾರೆ, ಅದು ನನಗೆ ತುಂಬಾ ಹಿಡಿಸಿತು. ಮನೆಗೆ ಬಂದ ಇಷ್ಟವಿಲ್ಲದ ನೆಂಟನನ್ನೂ ಬಾಗಿಲಿಗೆ ಬಂದು ಕರೆದುಕೊಂಡು ಹೋಗುವ ಹಾಗೆ.

ಐದನೇ ಡಿಸ್ಕಿನಲ್ಲಿ ಆ ಅಪೂರ್ಣ ಪ್ರತಿ ಇದೆ. ಹೆಸರು ‘ವರ್ಕ್‌ಪ್ರಿಂಟ್’. ಚಿತ್ರ ಮಂಕು, ಬಣ್ಣ ಬೇರೆ, ಕೊನೆಯ ಭಾಗಕ್ಕೆ ಬೇರೆ ಎಲ್ಲಿಂದಲೋ ತಾತ್ಕಾಲಿಕವಾಗಿ ತಂದ ಸಂಗೀತ. ನಿರೂಪಣೆ ಒಂದೇ ಒಂದು ಕಡೆ ಬರುತ್ತದೆ, ರೆಪ್ಲಿಕಂಟ್‌ಗಳ ನಾಯಕ ರಾಯ್ ಬ್ಯಾಟಿ ಸಾಯುವಾಗ. ಎಡಿಟಿಂಗ್ ಮಾಡುವವರು ಇದನ್ನು ಖಂಡಿತಾ ನೋಡಬೇಕು. ಬೇರೆಯವರ ಅಡುಗೆಮನೆಗೆ ನುಗ್ಗಿ ಅರ್ಧ ಬೆಂದದ್ದನ್ನು ರುಚಿ ನೋಡಿದ ಹಾಗಿರುತ್ತದೆ. ಎರಡನೇ ಡಿಸ್ಕಿನ ಮೂರೂವರೆ ಗಂಟೆಯ ಸಾಕ್ಷ್ಯಚಿತ್ರ ‘ಡೇಂಜರಸ್ ಡೇಸ್’ ನನಗೆ ಸಿನಿಮಾದಷ್ಟೇ ಇಷ್ಟವಾಯಿತು. ನಾಲ್ಕನೆಯದರಲ್ಲಿ ಬಿಟ್ಟುಹೋದ ದೃಶ್ಯಗಳು, ಜಾಹೀರಾತುಗಳು ಇತ್ಯಾದಿ ಇವೆ. ಚೆನ್ನಾಗಿವೆ, ಒಂದು ಸಲಕ್ಕೆ ಸಾಕು. ಬ್ರೀಫ್‌ಕೇಸ್ ಆಕಾರದ ಡಬ್ಬ, ಆಟಿಕೆ ಕಾರು, ಒಂಟಿಕೊಂಬಿನ ಪುಟ್ಟ ಬೊಂಬೆ ಎಲ್ಲಾ ಕೊಟ್ಟಿದ್ದರು. ನನಗೆ ಅದರಿಂದ ಆದ ಉಪಯೋಗ ಅಂದರೆ ಧೂಳು ಒರೆಸುವ ಕೆಲಸ ಜಾಸ್ತಿ ಆಗಿದ್ದು.

ನನ್ನ ಕಪಾಟಿನಲ್ಲಿ ಈ ಪೆಟ್ಟಿಗೆಯ ಪಕ್ಕದಲ್ಲೇ 2006ರ ‘ಸ್ಟಾರ್ ವಾರ್ಸ್’ ಡಿವಿಡಿ ಇದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೊದಲನೆಯದರ ಬೆಲೆ ತಿಳಿಯುತ್ತದೆ.

1977ರ ಮೇ 25ಕ್ಕೆ ಬಂದ ಸಿನಿಮಾ ಅದು. ಜಾರ್ಜ್ ಲ್ಯೂಕಸ್ ಅದನ್ನು ಮತ್ತೆ ಮತ್ತೆ ಮುಟ್ಟುತ್ತಲೇ ಬಂದರು. 1981ರಲ್ಲಿ ಶುರುವಿನ ಬರಹಕ್ಕೆ ‘ನಾಲ್ಕನೇ ಅಧ್ಯಾಯ’ ಎಂದು ಸೇರಿತು. 1997ರ ‘ಸ್ಪೆಷಲ್ ಎಡಿಷನ್’ನಲ್ಲಿ ಕಂಪ್ಯೂಟರ್ ಪ್ರಾಣಿಗಳು, ಹೊಸ ಸ್ಫೋಟಗಳು ಬಂದವು. ಮೊದಲು ನಾಯಕರಲ್ಲೊಬ್ಬನಾದ ಹಾನ್ ಸೋಲೋ, ತನ್ನನ್ನು ಹಿಡಿಯಲು ಬಂದ ಗ್ರೀಡೋನನ್ನು ಮೇಜಿನ ಕೆಳಗಿಂದಲೇ ಸುಡುತ್ತಿದ್ದ. ಹೊಸದರಲ್ಲಿ ಗ್ರೀಡೋನೇ ಮೊದಲು ಗುಂಡು ಹಾರಿಸಿ ಗುರಿ ತಪ್ಪುತ್ತಾನೆ. ಅಷ್ಟು ಹತ್ತಿರದಿಂದ! 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೆ ಹಾರಿಸುತ್ತಾರೆ. 2019ರಲ್ಲಿ ಮತ್ತೊಮ್ಮೆ ಬದಲಾಗಿ, ಗ್ರೀಡೋ ಸಾಯುವ ಮುಂಚೆ ‘ಮಕ್ಲಂಕಿ’ ಅಂತ ಏನೋ ಅಂದುಬಿಡುತ್ತಾನೆ. ಒಂದು ಸಣ್ಣ ದೃಶ್ಯಕ್ಕೆ ಇಷ್ಟು ಅವತಾರ. ಅದೇ ಸರಣಿಯ ಮೂರನೇ ಚಿತ್ರದ ಕೊನೆಯಲ್ಲಿ ಆತ್ಮವಾಗಿ ಕಾಣಿಸಿಕೊಳ್ಳುತ್ತಿದ್ದ ನಟ ಸೆಬಾಸ್ಟಿಯನ್ ಶಾ ಅವರನ್ನು 2004ರಲ್ಲಿ ತೆಗೆದು, ಅಲ್ಲಿ ಹೇಡನ್ ಕ್ರಿಸ್ಟೆನ್ಸನ್ ಅವರನ್ನು ನಿಲ್ಲಿಸಿದರು. ಶಾ ತೀರಿಕೊಂಡು ಆಗಲೇ ಹತ್ತು ವರ್ಷ ಆಗಿತ್ತು.

ಇದೂ ಅವರ ಹಕ್ಕು ಅನ್ನೋಣ. ಹಳೆಯದು ಎಲ್ಲಿ? 2006ರಲ್ಲಿ ಅಭಿಮಾನಿಗಳ ಗಲಾಟೆಯ ನಂತರ ಅದನ್ನು ‘ಬೋನಸ್ ಡಿಸ್ಕ್’ ಅಂತ ಕೊಟ್ಟರು. ಬೋನಸ್! ಮೂಲ ಸಿನಿಮಾ ಉಪ್ಪಿನಕಾಯಿ ಆಯಿತು. ಅದೂ ಹೊಸದಾಗಿ ಸ್ಕ್ಯಾನ್ ಮಾಡಿದ್ದಲ್ಲ. 1993ರಲ್ಲಿ ಲೇಸರ್‌ಡಿಸ್ಕಿಗೆಂದು ಮಾಡಿದ್ದ ಹಳೇ ಮಾಸ್ಟರ್ ಅನ್ನೇ ಎತ್ತಿ ಹಾಕಿದರು. ಅಗಲ ಟಿವಿಗೆ ಹೊಂದುವಂತೆ ಕೂಡ ಮಾಡಲಿಲ್ಲ. ಚಿತ್ರವನ್ನು ಚೌಕದ ಚೌಕಟ್ಟಿನೊಳಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ತುಂಬಿದ್ದಾರೆ. ಈಗಿನ ಟಿವಿಯಲ್ಲಿ ಹಾಕಿದರೆ ನಾಲ್ಕೂ ಕಡೆ ಕಪ್ಪು, ನಡುವೆ ಅಂಚೆ ಚೀಟಿಯಷ್ಟು ಸಿನಿಮಾ. ಹಿಗ್ಗಿಸಿದರೆ ನಕ್ಷತ್ರಗಳೆಲ್ಲಾ ರವೆಯ ಹಾಗೆ ಉದುರುತ್ತವೆ. ಮೊದಲ ಸಲ ಹಾಕಿದಾಗ ಹತ್ತು ನಿಮಿಷಕ್ಕೇ ಕಣ್ಣು ನೋವು ಬಂದು ನಿಲ್ಲಿಸಿದೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಹಾನ್ ಸೋಲೋನ ಗುಂಡು ಅಲ್ಲ, ಬೇರೆಯವರ ಕೆಲಸ. 1977ರ ಸಿನಿಮಾಕ್ಕೆ ಎಡಿಟಿಂಗ್ ಆಸ್ಕರ್ ಬಂತು: ಪಾಲ್ ಹಿರ್ಷ್, ಮಾರ್ಸಿಯಾ ಲ್ಯೂಕಸ್, ರಿಚರ್ಡ್ ಚ್ಯೂ. ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಕೂಡ ಬಂತು. ಕಂಪ್ಯೂಟರ್ ಇಲ್ಲದ ಕಾಲಕ್ಕೆ ಮಾದರಿ ನೌಕೆಗಳನ್ನು ಕಟ್ಟಿ, ಕ್ಯಾಮೆರಾ ಓಡಿಸಿ, ಫಿಲ್ಮಿನ ಮೇಲೆ ಫಿಲ್ಮ್ ಪದರಗಳನ್ನು ಸೇರಿಸಿ ಮಾಡಿದ ಕೆಲಸಕ್ಕೆ ಸಿಕ್ಕ ಬಹುಮಾನ ಅದು. ಈಗ ಅಂಗಡಿಯಲ್ಲಿ ಸಿಗುವ ಪ್ರತಿಯಲ್ಲಿ ಆ ಕೆಲಸದ ಎಷ್ಟೋ ಭಾಗ ಇಲ್ಲ. ಬಹುಮಾನ ಬಂದ ಶಾಟ್ ತೋರಿಸಿ ಅಂದರೆ ತೋರಿಸುವುದು ಏನನ್ನು? ಸಿನಿಮಾ ನಿರ್ದೇಶಕರ ಸ್ವತ್ತು ಅನ್ನುವವರಿಗೆ ನಾನು ಕೇಳುವುದು ಇದನ್ನೇ. ಎಡಿಟರ್ ಆಗಿ ಕೇಳುತ್ತಿದ್ದೇನೆ, ಪಕ್ಷಪಾತ ಇದೆ, ಒಪ್ಪುತ್ತೇನೆ.

ಇನ್ನೂ ವಿಚಿತ್ರ ಅಂದರೆ, 1988ರ ಮಾರ್ಚ್‌ನಲ್ಲಿ ಇದೇ ಲ್ಯೂಕಸ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೋಗಿ ಹಳೆಯ ಸಿನಿಮಾಗಳ ಪರವಾಗಿ ಮಾತಾಡಿದ್ದರು. ಆಗ ಕಪ್ಪುಬಿಳುಪು ಸಿನಿಮಾಗಳಿಗೆ ಬಣ್ಣ ಬಳಿಯುವ ಹುಚ್ಚು ಶುರುವಾಗಿತ್ತು. ಮುಂದೆ ಹಳೆಯ ನೆಗೆಟಿವ್‌ಗಳು ಕಳೆದುಹೋಗಿ, ಅವುಗಳ ಜಾಗದಲ್ಲಿ ಬದಲಾಯಿಸಿದ ನೆಗೆಟಿವ್‌ಗಳು ಬಂದು ಕೂರುವುದು ಇನ್ನೂ ಸುಲಭವಾಗುತ್ತದೆ, ಅದು ಸಮಾಜಕ್ಕೆ ದೊಡ್ಡ ನಷ್ಟ ಎಂಬ ಅರ್ಥದಲ್ಲಿ ಅವರು ಎಚ್ಚರಿಸಿದರು. ಅಕ್ಷರಶಃ ಸರಿ. 1997ರ ಆವೃತ್ತಿಗಾಗಿ ಅವರ ಸಿನಿಮಾದ ನೆಗೆಟಿವ್ ಅನ್ನೇ ಬಿಚ್ಚಿ, ಹೊಸ ಶಾಟ್‌ಗಳನ್ನು ಅದರೊಳಗೆ ಸೇರಿಸಿದರು. ಆ 1988ರ ವರ್ಷವೇ ಅಮೆರಿಕದಲ್ಲಿ ಚಲನಚಿತ್ರ ಸಂರಕ್ಷಣೆಯ ಕಾನೂನು ಬಂತು. ಮರುವರ್ಷ ರಾಷ್ಟ್ರೀಯ ಫಿಲ್ಮ್ ರಿಜಿಸ್ಟ್ರಿಗೆ ಮೊದಲ 25 ಸಿನಿಮಾಗಳನ್ನು ಆರಿಸಿದಾಗ ಅದರಲ್ಲಿ ‘ಸ್ಟಾರ್ ವಾರ್ಸ್’ ಕೂಡ ಇತ್ತು. 1989ರಲ್ಲಿ ಆರಿಸಿದ್ದು, ಅಂದರೆ ಸ್ಪೆಷಲ್ ಎಡಿಷನ್ ಹುಟ್ಟುವ ಮೊದಲು. ಹಳೆಯದು ಬೇಕಾದವರಿಗೆ ವಿಎಚ್‌ಎಸ್‌ನಲ್ಲಿ ಇದೆಯಲ್ಲ ಎಂಬಂಥ ಮಾತನ್ನು ಲ್ಯೂಕಸ್ 2004ರಲ್ಲಿ ಹೇಳಿದ್ದರು. ಸವೆದ ಟೇಪು ಹೇಗಿರುತ್ತದೆ ಅಂತ ನನ್ನನ್ನು ಕೇಳಬೇಕಿತ್ತು.

2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಉತ್ಸವದಲ್ಲಿ 1977ರ ನಿಜವಾದ ಒಂದು ಪ್ರಿಂಟ್ ಹಾಕಿತು. ಟೆಕ್ನಿಕಲರ್‌ನ ಹಳೇ ಪದ್ಧತಿಯಲ್ಲಿ, ಬಟ್ಟೆಗೆ ಅಚ್ಚು ಒತ್ತಿದ ಹಾಗೆ ಫಿಲ್ಮಿಗೆ ಬಣ್ಣ ಇಳಿಸಿ ಮಾಡಿದ ಪ್ರಿಂಟ್. ಆ ಕಾಲದ ಮಾಮೂಲಿ ಪ್ರಿಂಟ್‌ಗಳ ಬಣ್ಣ ವರ್ಷ ಕಳೆದಂತೆ ಹಾರಿ ಪೂರ್ತಿ ಗುಲಾಬಿಗೆ ತಿರುಗುತ್ತದೆ. ಈ ಪದ್ಧತಿಯದು ಹಾಗೇ ನಿಲ್ಲುತ್ತದೆ. ನಾನು ಅಲ್ಲಿರಲಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೆ ಅಲ್ಲಿ ಇರಬೇಕಾಗಿಯೂ ಇಲ್ಲ.

ತಿದ್ದುವುದು ಈ ಕಾಲದ ಕಾಯಿಲೆ ಅಂದುಕೊಳ್ಳಬೇಡಿ. ಚಾಪ್ಲಿನ್ 1925ರ ‘ದ ಗೋಲ್ಡ್ ರಷ್’ ಅನ್ನು 1942ರಲ್ಲಿ ಮತ್ತೆ ಕತ್ತರಿಸಿ, ಬರಹದ ಫಲಕಗಳನ್ನು ಕಿತ್ತು, ತಮ್ಮದೇ ದನಿಯಲ್ಲಿ ನಿರೂಪಣೆ ಹಾಕಿದರು. ಕೊನೆಯ ಮುತ್ತನ್ನೂ ತೆಗೆದರು. ಅವರ ಪಾಲಿಗೆ ಅದೇ ಸರಿಯಾದ ಸಿನಿಮಾ. 1925ರದ್ದನ್ನು ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ ಕಷ್ಟಪಟ್ಟು ಮತ್ತೆ ಜೋಡಿಸಬೇಕಾಯಿತು. ಈಗ ಕ್ರೈಟೀರಿಯನ್‌ನ ಡಿಸ್ಕಿನಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ನೋಡಿ, ಇಲ್ಲಿ ಚಾಪ್ಲಿನ್ ದನಿ ಸೇರಿಸಿದರು, ಅಲ್ಲಿ ಸ್ಕಾಟ್ ದನಿ ತೆಗೆದರು. ಎರಡು ಕಡೆಯೂ ನನಗೆ ಹಿಡಿಸಿದ್ದು ನಿರ್ದೇಶಕರು ಬೇಡ ಅಂದದ್ದೇ.

ಸ್ಪೀಲ್‌ಬರ್ಗ್ ಇದರಲ್ಲಿ ಬೇರೆ ದಾರಿ. 1982ರ ‘ಇ.ಟಿ.’ಯಲ್ಲಿ ಮಕ್ಕಳನ್ನು ಅಟ್ಟಿಸಿಕೊಂಡು ಬರುವವರ ಕೈಯಲ್ಲಿ ಬಂದೂಕು ಇತ್ತು. 2002ರಲ್ಲಿ ಅದನ್ನು ಅಳಿಸಿ ವಾಕಿಟಾಕಿ ಹಿಡಿಸಿದರು. ಆಮೇಲೆ ಅದು ತಪ್ಪಾಯಿತು ಎಂದು ಬಹಿರಂಗವಾಗಿಯೇ ಹೇಳಿದರು, 2012ರ ಬ್ಲೂ-ರೇಯಲ್ಲಿ ಬಂದೂಕು ವಾಪಸ್ ಬಂತು. ಅವರ ‘ಕ್ಲೋಸ್ ಎನ್‌ಕೌಂಟರ್ಸ್’ನ ಮೂರು ಆವೃತ್ತಿಗಳು, 1977, 1980 ಮತ್ತು 1998ರವು, 2007ರಲ್ಲಿ ಒಂದೇ ಪೆಟ್ಟಿಗೆಯಲ್ಲಿ ಬಂದವು. ಕೊಪ್ಪೊಲಾ ‘ಅಪೊಕ್ಯಾಲಿಪ್ಸ್ ನೌ’ ಅನ್ನು 2001ರಲ್ಲಿ 49 ನಿಮಿಷ ಹಿಗ್ಗಿಸಿ, 2019ರಲ್ಲಿ ಮತ್ತೆ ಕುಗ್ಗಿಸಿದರು. ಅದರ ಹಳೆಯ ರೂಪವೂ ಜೊತೆಗೇ ಸಿಗುತ್ತದೆ, ಆದ್ದರಿಂದ ನನ್ನ ತಕರಾರಿಲ್ಲ.

ಕತ್ತರಿಗಿಂತ ಬಣ್ಣದ ತಿದ್ದುಪಡಿ ಹೆಚ್ಚು ಅಪಾಯ. ಕಣ್ಣಿಗೆ ಬೇಗ ಗೊತ್ತಾಗುವುದಿಲ್ಲ. ವಿಲಿಯಂ ಫ್ರೀಡ್ಕಿನ್ 2009ರಲ್ಲಿ ‘ದ ಫ್ರೆಂಚ್ ಕನೆಕ್ಷನ್’ ಬ್ಲೂ-ರೇಗೆ ಹೊಸ ಬಣ್ಣ ಹಾಕಿದಾಗ ಅದರ ಛಾಯಾಗ್ರಾಹಕ ಒವೆನ್ ರೋಯ್ಜ್‌ಮನ್ ಅವರೇ ಸಿಟ್ಟಾದರು. 2012ರಲ್ಲಿ ಸರಿಯಾದ ಬಣ್ಣದ ಡಿಸ್ಕ್ ಬಂತು. ವಾಂಗ್ ಕಾರ್-ವಾಯ್ ಅವರ ಸಿನಿಮಾಗಳ 2021ರ ಪೆಟ್ಟಿಗೆಯಲ್ಲಿ ‘ಫಾಲನ್ ಏಂಜಲ್ಸ್’ ಚಿತ್ರದ ಅಗಲವೇ ಬದಲಾಗಿದೆ. ಪೆಟ್ಟಿಗೆ ನೋಡಲು ಚೆಂದ, ಹಳೆಯದು ಒಳಗಿಲ್ಲ.

ಡಿಸ್ಕ್ ಯಾಕೆ ಬೇಕು, ಸ್ಟ್ರೀಮಿಂಗ್ ಇದೆಯಲ್ಲ ಅನ್ನುತ್ತಾರೆ ಗೆಳತಿಯರು. ನಾನು ಚಂದಾ ಕಟ್ಟುವ ಒಂದು ಸೇವೆಯಲ್ಲಿ ಹೋದ ವರ್ಷ ‘ಬ್ಲೇಡ್ ರನ್ನರ್’ ಇತ್ತು. ಹೆಸರಿನ ಪಕ್ಕ ‘1982’ ಎಂದು ಬರೆದಿತ್ತು. ಒತ್ತಿದರೆ ಓಡಿದ್ದು 2007ರ ಫೈನಲ್ ಕಟ್. ತಪ್ಪು ತಿಳಿಸೋಣ ಅಂತ ಬರೆದೆ. ‘ನಿಮ್ಮ ಅನುಭವ ನಮಗೆ ಮುಖ್ಯ’ ಎಂಬ ಉತ್ತರ ಬಂತು. ಎರಡು ತಿಂಗಳು ಬಿಟ್ಟು ನೋಡಿದರೆ ಸಿನಿಮಾನೇ ಇಲ್ಲ. ಅವರು ನನಗೆ ಕೊಡುವುದು ಕಿಟಕಿ ಮಾತ್ರ, ಆಚೆ ಏನು ಇಡುತ್ತಾರೋ ಅದೇ ನೋಟ. ಡಿಸ್ಕ್ ಹಾಗಲ್ಲ. ರಾತ್ರೋರಾತ್ರಿ ಯಾರೂ ಬಂದು ಪಾರಿವಾಳದ ಹಿಂದಿನ ಆಕಾಶ ಬದಲಿಸುವುದಿಲ್ಲ.

ಡಿಸ್ಕೂ ಶಾಶ್ವತ ಅಲ್ಲ, ಅದೂ ನಿಜ. ಇದೇ ಪೆಟ್ಟಿಗೆ 2007ರಲ್ಲಿ, ಬ್ಲೂ-ರೇಗೆ ಪೈಪೋಟಿಯಾಗಿದ್ದ ಎಚ್‌ಡಿ ಡಿವಿಡಿ ರೂಪದಲ್ಲೂ ಬಂದಿತ್ತು. ಮರುವರ್ಷದ ಫೆಬ್ರುವರಿಯಲ್ಲೇ ತೋಶಿಬಾ ಆ ಮಾದರಿಯನ್ನು ಕೈಬಿಟ್ಟಿತು. ಅದನ್ನು ಕೊಂಡವರ ಬ್ರೀಫ್‌ಕೇಸ್ ಈಗ ಬರೀ ಬ್ರೀಫ್‌ಕೇಸ್.

ಈ ಪೆಟ್ಟಿಗೆಯಲ್ಲಿ ಕುಂದು ಇಲ್ಲವೇ? ಇದೆ. ಹಳೆಯ ಮೂರು ಆವೃತ್ತಿಗಳಿಗೆ ಫೈನಲ್ ಕಟ್‌ನಷ್ಟು ಆರೈಕೆ ಸಿಕ್ಕಿಲ್ಲ. ಒಂದರ ಹಿಂದೆ ಒಂದು ಹಾಕಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ, ಮಳೆಯ ಸದ್ದು ಫೈನಲ್ ಕಟ್‌ನಲ್ಲಿ ಸುತ್ತಲೂ ಸುರಿಯುತ್ತದೆ, ಹಳೆಯವುಗಳಲ್ಲಿ ಎದುರಿನಿಂದ ಕೇಳುತ್ತದೆ. 2017ರಲ್ಲಿ 4ಕೆ ಡಿಸ್ಕ್ ಬಂದಾಗ ಅದರಲ್ಲೂ 4ಕೆ ಭಾಗ್ಯ ಸಿಕ್ಕಿದ್ದು ಫೈನಲ್ ಕಟ್‌ಗೆ ಮಾತ್ರ. ಜೊತೆಗೆ ಐದು ಆವೃತ್ತಿ ಇದ್ದರೂ ಇದು ಪೂರ್ತಿ ಲೆಕ್ಕ ಅಲ್ಲ. 1982ರ ಮೇನಲ್ಲಿ ಸ್ಯಾನ್ ಡಿಯಾಗೊದಲ್ಲಿ ತೋರಿಸಿದ ಪ್ರತಿಯಲ್ಲಿ ಇನ್ನೂ ಮೂರು ದೃಶ್ಯ ಇದ್ದವಂತೆ, ಅದು ಇಲ್ಲಿಲ್ಲ. ಅಮೆರಿಕದ ಟಿವಿಗಾಗಿ ಕತ್ತರಿಸಿದ್ದೂ ಇಲ್ಲ. ಟಿವಿಯದ್ದು ಇಲ್ಲದಿದ್ದರೆ ನನಗೇನೂ ಬೇಜಾರಿಲ್ಲ, ಆದರೆ ಯಾರಾದರೂ ಅದನ್ನೇ ಮೊದಲು ನೋಡಿ ಮನಸ್ಸಿಗೆ ಹಚ್ಚಿಕೊಂಡಿದ್ದರೆ? ಅವರ ಪಾಡು ನನ್ನ ಡಿವಿಡಿ ದಿನದ ಪಾಡೇ.

ಮೊದಲ ಸಲ ಈ ಸಿನಿಮಾ ನೋಡುವವರು ಒಂದನೇ ಡಿಸ್ಕಿನಿಂದಲೇ ಶುರು ಮಾಡಿ. ಹಳೆಯ ಟೇಪಿನ ಋಣ ಇರುವವರು ಮೂರನೆಯದನ್ನು ಹಾಕಿ. ನಿರೂಪಣೆ ಈಗ ಕೇಳಿದರೆ ಹೇಗಿದೆ ಅಂತ ನೀವು ಕೇಳಬಹುದು. ನಿಜ ಹೇಳಲಾ? ಚೆನ್ನಾಗಿಲ್ಲ. ಕಣ್ಣಿಗೆ ಕಾಣುವುದನ್ನೇ ಬಾಯಲ್ಲಿ ಹೇಳುತ್ತದೆ. ಫೋರ್ಡ್‌ಗೂ ಅದು ಇಷ್ಟವಿರಲಿಲ್ಲ ಅಂತ ಗೊತ್ತಾದ ಮೇಲೆ ಆ ಬೇಸರ ಪಾತ್ರದ್ದಲ್ಲ, ನಟರದ್ದು ಎಂದೂ ಅನಿಸುತ್ತದೆ. ನನ್ನ ಕೈಗೆ ಕೊಟ್ಟಿದ್ದರೆ ನಾನೂ ಕತ್ತರಿಸುತ್ತಿದ್ದೆ. ಆದರೂ ಆ ದನಿ ಶುರುವಾದ ಕೂಡಲೇ ನಾನು ನೆಲದ ಮೇಲೆ ಇಳಿದು, ಟಿವಿಗೆ ತೀರಾ ಹತ್ತಿರ ಕೂತಿದ್ದೆ. ಮಂಡಿ ನೋವಿದೆ, ಹಾಗೆ ಕೂರಬಾರದು.

ಇನ್ನೊಂದು ಹಳೇ ಜಗಳವೂ ಮೂರನೇ ಡಿಸ್ಕಿನಲ್ಲೇ ಬಗೆಹರಿಯಿತು. ರಾಯ್ ಬ್ಯಾಟಿ ತನ್ನನ್ನು ಸೃಷ್ಟಿಸಿದ ಟೈರೆಲ್‌ನನ್ನು ಕೊಲ್ಲುವ ದೃಶ್ಯದಲ್ಲಿ ಕಣ್ಣಿನಿಂದ ರಕ್ತ ಬರುತ್ತದೆ ಅಂತ ಅಣ್ಣ, ಇಲ್ಲ ಅಂತ ನಾನು. ಎಷ್ಟು ವರ್ಷದ ವಾದ! ಅಮೆರಿಕದ ಆವೃತ್ತಿ ಹಾಕಿದೆ. ರಕ್ತ ಕಾಣುವ ಮೊದಲೇ ದೃಶ್ಯ ಬದಲಾಗುತ್ತದೆ. ಗೆದ್ದೆ ಅಂತ ಕೂಡಲೇ ಫೋನ್ ಮಾಡಿದೆ.

‘ಕೆಳಗಿನದು ಹಾಕು’ ಅಂದ. ಇಂಟರ್‌ನ್ಯಾಷನಲ್ ಹಾಕಿದೆ. ಅದರಲ್ಲಿ ಅಮೆರಿಕದಲ್ಲಿ ಕತ್ತರಿಸಿದ ಹಿಂಸೆಯ ಕೆಲವು ಸೆಕೆಂಡುಗಳಿವೆ. ರಕ್ತ ಇತ್ತು. ಮುಂದೆ ಪ್ರಿಸ್ ಎಂಬ ರೆಪ್ಲಿಕಂಟ್ ಡೆಕರ್ಡ್‌ನ ಮೂಗಿನ ಹೊಳ್ಳೆಗೆ ಬೆರಳು ಹಾಕಿ ಎತ್ತುವುದೂ ಇತ್ತು. ಅದು ನನಗೆ ಚೆನ್ನಾಗಿ ನೆನಪಿದೆ. ಹಾಗಾದರೆ ನಮ್ಮ ಟೇಪು ಇದೇ.

‘ಮತ್ತೆ ರಕ್ತ ಯಾಕೆ ನನಗೆ ನೆನಪೇ ಇಲ್ಲ?’

‘ನೀನು ಯಾವತ್ತು ನೋಡಿದ್ದೆ? ಆ ಸೀನ್ ಬಂದರೆ ದಿಂಬು ಮುಖಕ್ಕೆ ಒತ್ತಿಕೊಂಡು ಮುಗೀತಾ, ಮುಗೀತಾ ಅಂತ ಕೇಳುತ್ತಾ ಇದ್ದೆ. ನಾನು ಮುಗೀತು ಅಂದ ಮೇಲೆ ತೆಗೀತಿದ್ದೆ.’

ನಾನು ಒಂದು ನಿಮಿಷ ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಫೋನು ಕಿವಿಗೇ ಇತ್ತು. ಬ್ಯಾಟಿ ಟೈರೆಲ್‌ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. ನಾನು ಕಣ್ಣು ಮುಚ್ಚಿದೆ.

‘ಮುಗೀತಾ?’ ಅಂದೆ.

ಆ ಕಡೆ ಅಣ್ಣ ಸದ್ದು ಕೇಳಿಸಿಕೊಳ್ಳುತ್ತಿದ್ದ.

‘ಇರು, ಇನ್ನೂ ಇಲ್ಲ’ ಅಂದ.